ಮುಳುಗಡೆ ಆಗಿ 60 ವರ್ಷ ಆಯ್ತು, ಪಹಣಿಯಲ್ಲಿ ಇನ್ನೂ ನಮ್ಮ ಹೆಸರಿಲ್ಲ. ಸರ್ಕಾರದ ಹತ್ತಿರ ಏನಂತ ಕೇಳಬೇಕು?

ಶರಾವತಿ_ಮೊಮ್ಮಗ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ಮೊನ್ನೆ ತಂಗಿಯ ಓದಿನ ಸಾಲಕ್ಕೆ ಅಂತ ಒಂದು ಬ್ಯಾಂಕಿಗೆ ಹೋಗಿದ್ದೆವು. ಅಡಮಾನಕ್ಕೆ ಜಮೀನಿನ ಪಹಣಿ ಕೇಳಿದರು. ನಮ್ಮ ತೋಟದ ಸರ್ವೆ ನಂಬರಿನ ಪಹಣಿ ತೆಗೆಸಿದರೆ ಒಡೆಯರ ಹೆಸರು ಬರುವ ಕಾಲಂ 9ರಲ್ಲಿ 'ಅರಣ್ಯ' ಅಂತ ಇದೆ. ಮೂರು ತಲೆಮಾರಿನಿಂದ ಉಳುತ್ತಿರುವುದು ನಾವು. ಅಡಿಕೆ ಮರಗಳಿಗೇ ನನಗಿಂತ ಜಾಸ್ತಿ ವಯಸ್ಸು.

ನಮ್ಮ ಮೂಲ ಊರು ಸಾಗರ ತಾಲೂಕಿನಲ್ಲಿ, ಶರಾವತಿ ದಂಡೆಯಲ್ಲಿತ್ತು. ಲಿಂಗನಮಕ್ಕಿ ಅಣೆಕಟ್ಟೆಗೆ ಊರು ಖಾಲಿ ಮಾಡಿಸಿದಾಗ ಅಜ್ಜ, ಅಜ್ಜಿ, ನಾಲ್ಕು ಮಕ್ಕಳು, ಎರಡು ಎಮ್ಮೆ ಒಂದೇ ಲಾರಿಯಲ್ಲಿ ಬಂದರಂತೆ. ಶಿವಮೊಗ್ಗ ತಾಲೂಕಿನ ಕಾಡಂಚಿನಲ್ಲಿ ಇಳಿಸಿ, 'ಇಲ್ಲಿಂದ ಅಲ್ಲಿವರೆಗೆ ನಿಮ್ಮದು' ಅಂತ ಕೈ ತೋರಿಸಿ ಹೋದರು. ಅಜ್ಜನ ಟ್ರಂಕಿನಲ್ಲಿ ಹಳದಿಯಾದ ಒಂದು ಚೀಟಿ ಬಿಟ್ಟರೆ ನಮ್ಮ ಹತ್ತಿರ ಬೇರೆ ಕಾಗದ ಇಲ್ಲ. ಅಜ್ಜ ತೀರಿಕೊಂಡು ಹದಿನೈದು ವರ್ಷ ಆಯ್ತು. ಅವರಿಗೆ ಇದ್ದದ್ದು ಒಂದೇ ಆಸೆ, ಹಕ್ಕುಪತ್ರ.

ನನ್ನ ಪ್ರಶ್ನೆ ಇಷ್ಟೇ. ನಾವು ಈಗ ಕೇಳಬೇಕಾದ್ದು ಏನು? ಹಣವಾ, ಬೇರೆ ಜಮೀನಾ, ಇಲ್ಲಾ ಇದೇ ಜಮೀನಿನ ಕಾಗದವಾ?

ಹೊಳೆಬಾಗಿಲು:
ಕಾಗದ. ಕಣ್ಣು ಮುಚ್ಚಿ ಹೇಳ್ತೀನಿ. ನಮ್ಮದೂ ಇದೇ ಕಥೆ.

ಜಯನಗರ_4ನೇ_ಬ್ಲಾಕ್:
ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ತೀನಿ. ಅರವತ್ತು ವರ್ಷ ಆಯ್ತು. ಅಣೆಕಟ್ಟೆ ಕಟ್ಟದಿದ್ದರೆ ರಾಜ್ಯಕ್ಕೆ ಕರೆಂಟ್ ಎಲ್ಲಿಂದ ಬರ್ತಿತ್ತು? ಎಲ್ಲೋ ಒಂದು ಕಡೆ ಯಾರಾದರೂ ಜಾಗ ಬಿಡಲೇಬೇಕು ಅಲ್ವಾ? ಪರಿಹಾರ ಅಂತ ಆಗ ಏನೋ ಕೊಟ್ಟೇ ಇರ್ತಾರೆ. ಮೊಮ್ಮಕ್ಕಳ ಕಾಲಕ್ಕೂ ಅದನ್ನೇ ಎಳೆದರೆ ಮುಗಿಯೋದು ಯಾವಾಗ?

ಹೊಳೆಬಾಗಿಲು:
ಜಯನಗರದವರೇ, ಅಣೆಕಟ್ಟೆ ಬೇಡ ಅಂತ ಇಲ್ಲಿ ಯಾರು ಹೇಳಿದರು? ನಮ್ಮ ಅಜ್ಜಿ ಎರಡು ಸಲ ಎದ್ದು ಬಂದವಳು. ಮೊದಲು ಹಿರೇಭಾಸ್ಕರ ಅಣೆಕಟ್ಟೆಗೆ, ಆಮೇಲೆ 1964ರ ಲಿಂಗನಮಕ್ಕಿಗೆ. ಎರಡನೇ ಅಣೆಕಟ್ಟೆಯ ನೀರಿನಲ್ಲಿ ಮೊದಲನೇ ಅಣೆಕಟ್ಟೆಯೇ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ಮೇಲೆ ಕಾಣುತ್ತದೆ, ಜನ ನೋಡಲು ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅಜ್ಜಿಯನ್ನು ಒಂದು ಸಲ ಕರೆದುಕೊಂಡು ಹೋಗಿದ್ದೆ. ಅವಳು ಕಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಕೆಸರಿನಲ್ಲಿ ನಡೆದುಕೊಂಡು ಹೋಗಿ ಒಂದು ಕಡೆ ನಿಂತು, 'ಇಲ್ಲಿ ನಮ್ಮ ಬಾವಿ' ಅಂದಳು. ನನಗೆ ಬರೀ ಕೆಸರು ಕಂಡಿತು.

ಇನ್ನು ಕರೆಂಟ್ ವಿಷಯ. ಹಿನ್ನೀರಿನ ನಮ್ಮ ಊರಿನಲ್ಲಿ ನಾನು ಎಸ್ಸೆಸ್ಸೆಲ್ಸಿಗೆ ಓದಿದ್ದು ಸೀಮೆಎಣ್ಣೆ ಬುಡ್ಡಿಯಲ್ಲಿ. ಆಗ ರಾಜ್ಯಕ್ಕೆಲ್ಲ ಶರಾವತಿಯ ಕರೆಂಟ್ ಹೋಗುತ್ತಿತ್ತು.

ಲೆಕ್ಕದ_ಮೇಷ್ಟ್ರು:
'ಪರಿಹಾರ ಕೊಟ್ಟೇ ಇರ್ತಾರೆ' ಅನ್ನುವ ಮಾತಿಗೆ ಸ್ವಲ್ಪ ಹೇಳಬೇಕು. ನಾನು ನಿವೃತ್ತ ಶಿಕ್ಷಕ. ನಮ್ಮ ಹೋಬಳಿಯ ಮುಳುಗಡೆಯವರ ಅರ್ಜಿಗಳನ್ನು ಬಹಳ ವರ್ಷ ಬರೆದುಕೊಟ್ಟಿದ್ದೇನೆ.

ಆ ಸೀಮೆಯಲ್ಲಿ ಹೆಚ್ಚಿನವರು ಗೇಣಿದಾರರು. ಉಳುವವರು ಒಬ್ಬರು, ದಾಖಲೆಯಲ್ಲಿ ಒಡೆಯರು ಇನ್ನೊಬ್ಬರು. ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ, ಅದೇ ಸಾಗರ ತಾಲೂಕಿನಲ್ಲಿ, ಅದೇ ಗೇಣಿ ಪ್ರಶ್ನೆಗೆ. ಉಳುವವನೇ ಹೊಲದೊಡೆಯ ಅಂತ ಕಾನೂನು ಗಟ್ಟಿಯಾಗಿ ಜಾರಿಗೆ ಬಂದದ್ದು 1974ರಲ್ಲಿ. ಮುಳುಗಡೆ ಆದದ್ದು 1964ರಲ್ಲಿ. ಮಧ್ಯದ ಹತ್ತು ವರ್ಷ ನೋಡಿ. ಊರು ಮುಳುಗದೆ ಉಳಿದ ಗೇಣಿದಾರ 1974ರ ನಂತರ ಡಿಕ್ಲರೇಷನ್, ಅಂದರೆ ಉಳುವ ಜಮೀನು ತನಗೆ ಬರಬೇಕು ಅನ್ನುವ ಅರ್ಜಿ, ಹಾಕಿ ಒಡೆಯನಾದ. ಮುಳುಗಿದ ಊರಿನ ಗೇಣಿದಾರನಿಗೆ ಡಿಕ್ಲರೇಷನ್ ಹಾಕಲು ಜಮೀನೇ ಇರಲಿಲ್ಲ. ಜಮೀನಿನ ಪರಿಹಾರ ಹೋದದ್ದು ದಾಖಲೆಯಲ್ಲಿ ಹೆಸರಿದ್ದವರಿಗೆ. ಇವರಿಗೆ ಸಿಕ್ಕಿದ್ದು ಆ ಕಾಡಿನ ತುಂಡು ಒಂದೇ. ಅದಕ್ಕೂ ಕಾಗದ ಇಲ್ಲ ಅಂದರೆ ಏನೂ ಕೊಡಲಿಲ್ಲ ಅಂತಲೇ ಅರ್ಥ.

ಜಯನಗರ_4ನೇ_ಬ್ಲಾಕ್:
ಗೇಣಿ ವಿಷಯ ನನಗೆ ಗೊತ್ತಿರಲಿಲ್ಲ ಮೇಷ್ಟ್ರೇ. ಒಪ್ಪಿದೆ. ಆದರೂ ಕಾಡನ್ನು ಹೀಗೆ ಬರೆದುಕೊಡುತ್ತಾ ಹೋದರೆ ಒತ್ತುವರಿ ಮಾಡಿದವರೆಲ್ಲ 'ನಾನೂ ಮುಳುಗಡೆಯವನು' ಅಂತ ಬರಲ್ವಾ?

ಕಾಡುಪಾಪ:
ಬರ್ತಾರೆ. ಬಂದಿದ್ದಾರೆ ಕೂಡ. ನಾನು ಕಾಡು ಉಳಿಸುವ ಕೆಲಸದಲ್ಲಿ ಇರುವವನು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹತ್ತು ವರ್ಷದ ಹಿಂದೆ ಮರ ಕಡಿದು ಶುಂಠಿ ಹಾಕಿದವನನ್ನೂ, ಸರ್ಕಾರವೇ ಲಾರಿಯಲ್ಲಿ ತಂದು ಬಿಟ್ಟವನನ್ನೂ ಒಂದೇ ಪಟ್ಟಿಗೆ ಸೇರಿಸುವುದು ದೊಡ್ಡ ತಪ್ಪು. ಮುಳುಗಡೆಯವರ ಲೆಕ್ಕ ಮುಗಿಸದೆ ಇಟ್ಟಿರುವುದರಿಂದಲೇ ಹೊಸ ಒತ್ತುವರಿದಾರರಿಗೆ ಅವರ ಮರೆ ಸಿಗುತ್ತದೆ. ನಿಜವಾದ ಪಟ್ಟಿ ಮಾಡಿ ಅವರಿಗೆ ಕಾಗದ ಕೊಟ್ಟುಬಿಟ್ಟರೆ ಕಾಡಿಗೇ ಒಳ್ಳೆಯದು.

ಮಲೆನಾಡ_ವಕೀಲ:
ಕಾನೂನಿನ ಗಂಟು ಎಲ್ಲಿದೆ ಅಂತ ಹೇಳ್ತೀನಿ. ಆಗಿನ ಸರ್ಕಾರ ಪುನರ್ವಸತಿಗೆ ಅಂತ ಕಾಡಿನ ಜಾಗ ಬಿಡಲು ಆದೇಶ ಮಾಡಿತು, ಜನರನ್ನು ತಂದು ಕೂರಿಸಿತು. ಆದರೆ ಬಹಳ ಕಡೆ ಅದನ್ನು ಅರಣ್ಯದ ಲೆಕ್ಕದಿಂದ ತೆಗೆಯುವ ಅಧಿಸೂಚನೆ ಆಗಲಿಲ್ಲ. ಆಗ ಅದು ರಾಜ್ಯ ಸರ್ಕಾರದ ಕೈಯಲ್ಲೇ ಇದ್ದ ಕೆಲಸ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಂದ ಮುಂದೆ ಕೇಂದ್ರದ ಅನುಮತಿ ಇಲ್ಲದೆ ಡಿನೋಟಿಫೈ ಮಾಡುವ ಹಾಗಿಲ್ಲ. ನಂತರ ರಾಜ್ಯ ಸರ್ಕಾರ ಡಿನೋಟಿಫೈ ಮಾಡಿ ಹಕ್ಕುಪತ್ರ ಕೊಡಲು ಹೊರಟಿತು. ಕೇಂದ್ರದ ಅನುಮತಿ ಪಡೆದಿರಲಿಲ್ಲ. 2021ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು.

ಕೋರ್ಟನ್ನು ಬೈದು ಪ್ರಯೋಜನ ಇಲ್ಲ. 1964ರಿಂದ 1980ರವರೆಗೆ ಹದಿನಾರು ವರ್ಷ ಕೈಯಲ್ಲಿತ್ತು. ಒಂದು ಅಧಿಸೂಚನೆ ಹೊರಡಿಸಿದ್ದರೆ ಮುಗಿಯುತ್ತಿತ್ತು.

ತುಂಗೆಯ_ಹುಡುಗಿ:
ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದರೆ ಆಗಲ್ವಾ? 2006ರದ್ದು?

ಮಲೆನಾಡ_ವಕೀಲ:
ಪರಿಶಿಷ್ಟ ಪಂಗಡದವರಾದರೆ ದಾರಿ ಇದೆ. ಉಳಿದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದೆವು ಅಂತ ತೋರಿಸಬೇಕು. 1964ರ ಹೊತ್ತಿಗೆ ಬಂದವರಿಗೆ 2005ಕ್ಕೆ ಎಷ್ಟಾಗುತ್ತದೆ ನೀವೇ ಲೆಕ್ಕ ಹಾಕಿ. ಮುಳುಗಿದ ಊರಿನಲ್ಲಿ ನೂರಾರು ವರ್ಷ ಇದ್ದರು, ಅದು ಲೆಕ್ಕಕ್ಕೆ ಬರಲ್ಲ.

ತುಂಗೆಯ_ಹುಡುಗಿ:
ಅಯ್ಯೋ. ಅಲ್ಲಿಂದ ಎಬ್ಬಿಸಿದ್ದಕ್ಕೇ ಇಲ್ಲಿ ವರ್ಷ ಕಮ್ಮಿ ಬಿತ್ತು ಅಂದ ಹಾಗಾಯ್ತು.

ಘಟಪ್ರಭಾ_ದಂಡೆ:
ನಾನು ಬಾಗಲಕೋಟೆ ಕಡೆಯವನು. ಆಲಮಟ್ಟಿ ಮುಳುಗಡೆ. ನಿಮಗೆ ಕಾಗದ ಇಲ್ಲ, ನಮಗೆ ರೊಕ್ಕ ಬಂತು. ಆದರೂ ನಾವು ಸುಖವಾಗಿ ಇಲ್ಲ. ಯಾಕೆ ಅಂತ ಹೇಳ್ತೀನಿ.

ನಮ್ಮದು ಎಂಟು ಎಕರೆ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ನದಿ ದಂಡೆ, ಬಿಳಿಜೋಳ ಆಳೆತ್ತರ ಬೆಳೆಯುತ್ತಿತ್ತು. ಪರಿಹಾರ ಒಂದೇ ಸಲ ಬರಲಿಲ್ಲ, ಕಂತಿನ ಹಾಗೆ ಬಂತು. ಜಮೀನಿನದು ಒಂದು ವರ್ಷ, ಮನೆಯದು ಇನ್ನೊಂದು ವರ್ಷ, ಬಾವಿ ಮತ್ತು ಗಿಡಗಳದ್ದು ಕೋರ್ಟಿಗೆ ಹೋದ ಮೇಲೆ. ಮೊದಲ ಕಂತಿನಲ್ಲಿ ಬೇರೆ ಕಡೆ ಹೊಲ ಕೊಳ್ಳೋಣ ಅಂತ ಅಪ್ಪ ಹೊರಟರೆ, ಮುಳುಗಡೆ ರೊಕ್ಕ ಬಂದಿದೆ ಅಂತ ಗೊತ್ತಾಗಿ ಸುತ್ತಲಿನ ಹಳ್ಳಿಗಳಲ್ಲಿ ಭೂಮಿಯ ದರ ಎರಡು ಪಟ್ಟು ಏರಿತ್ತು. ಎಂಟು ಎಕರೆ ಕಳೆದುಕೊಂಡವರಿಗೆ ಮೂರು ಎಕರೆ ಮಸಾರಿ (ಕೆಂಪು ಮಣ್ಣು) ಸಿಕ್ಕಿತು. ಉಳಿದದ್ದು ಅಕ್ಕನ ಮದುವೆ, ಚಿಕ್ಕಪ್ಪಂದಿರ ಪಾಲು, ವಕೀಲರ ಫೀ. ಪುನರ್ವಸತಿ ಕೇಂದ್ರದಲ್ಲಿ ಸೈಟು ಕೊಟ್ಟರು, ದನ ಕಟ್ಟಲು ಜಾಗ ಇರಲಿಲ್ಲ. ಆರು ದನ ಮಾರಿದ ದಿನ ಅಪ್ಪ ಊಟ ಮಾಡಲಿಲ್ಲ.

ಜಯನಗರ_4ನೇ_ಬ್ಲಾಕ್:
ಹಣ ಬಂದಾಗ ಸರಿಯಾಗಿ ಹೂಡಿಕೆ ಮಾಡುವ ತಿಳಿವಳಿಕೆ ಕೊಡಬೇಕಿತ್ತು ಅಂತೀರಾ?

ಘಟಪ್ರಭಾ_ದಂಡೆ:
ತಿಳಿವಳಿಕೆ ಅಪ್ಪನಿಗೆ ಇತ್ತು ಸರ್. ಯಾವ ಮಳೆಗೆ ಏನು ಬಿತ್ತಬೇಕು ಅಂತ ಊರೆಲ್ಲ ಬಂದು ಕೇಳುತ್ತಿದ್ದರು. ಭೂಮಿ ಬದಲು ಭೂಮಿ ಕೊಟ್ಟಿದ್ದರೆ ಆ ತಿಳಿವಳಿಕೆ ಕೆಲಸಕ್ಕೆ ಬರುತ್ತಿತ್ತು. ರೊಕ್ಕ ಕೊಟ್ಟರು.

ಕೃಷ್ಣಾ_ತೀರ:
ಈಗ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತ ಬಂದಿದೆ. ಆಲಮಟ್ಟಿ ಎತ್ತರ 519.6 ಮೀಟರ್‌ನಿಂದ 524.256 ಮೀಟರ್‌ಗೆ. 75,563 ಎಕರೆ ಮುಳುಗಡೆ. 2025ರ ಸೆಪ್ಟೆಂಬರ್‌ನಲ್ಲಿ ಸಂಪುಟ ದರ ತೀರ್ಮಾನ ಮಾಡಿತು, ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ಹಿಂದಿನದಕ್ಕೆ ಹೋಲಿಸಿದರೆ ದೊಡ್ಡ ಹೆಜ್ಜೆ, ಇಲ್ಲ ಅನ್ನಲ್ಲ. ಆದರೆ ಕೃಷ್ಣಾ ನೀರು ಹಂಚುವ ನ್ಯಾಯಮಂಡಳಿಯ ತೀರ್ಪು ಬಂದದ್ದು 2010ರಲ್ಲಿ. ಹದಿನೈದು ವರ್ಷ ನಮ್ಮ ಊರು ತೂಗಾಡಿದೆ. ಹೇಗೂ ಮುಳುಗುತ್ತದೆ ಅಂತ ಯಾರೂ ಮನೆ ರಿಪೇರಿ ಮಾಡಿಸಲ್ಲ. ಪಂಚಾಯಿತಿಯವರೂ ರಸ್ತೆ ಮಾಡಿಸಲ್ಲ. ಹೆಣ್ಣು ಕೊಡುವವರು 'ಮುಳುಗೋ ಊರಿಗೆ ಯಾಕೆ' ಅಂತಾರೆ. ಈ ಹದಿನೈದು ವರ್ಷಕ್ಕೆ ಎಕರೆಗೆ ಎಷ್ಟು ದರ?

ಹೊಳೆಬಾಗಿಲು:
ಕೊನೇ ಸಾಲು ಓದಿ ಸುಮ್ನೆ ಕೂತುಬಿಟ್ಟೆ.

ಅಂಕೆಸಂಖ್ಯೆ:
2013ರ ಭೂಸ್ವಾಧೀನ ಕಾಯ್ದೆ ಬಂದ ಮೇಲೆ ಮಾರುಕಟ್ಟೆ ದರದ ನಾಲ್ಕು ಪಟ್ಟು ಕೊಡಲೇಬೇಕು. ಹೊಸ ಯೋಜನೆಗಳಲ್ಲಿ ಯಾರಿಗೂ ಅನ್ಯಾಯ ಆಗಲ್ಲ.

ಮಲೆನಾಡ_ವಕೀಲ:
ಅಂಕೆಸಂಖ್ಯೆಯವರೇ, ನಾಲ್ಕು ಪಟ್ಟು 'ಕೊಡಲೇಬೇಕು' ಅಂತ ಇಲ್ಲ. ಹಳ್ಳಿ ಕಡೆ ದರವನ್ನು ಒಂದರಿಂದ ಎರಡರವರೆಗಿನ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ, ಆಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ, ಅಂದರೆ ಹೆಚ್ಚುವರಿ ಪರಿಹಾರ, ಸೇರಿಸುತ್ತಾರೆ. ಗುಣಕ ಎರಡು ಇದ್ದರೆ ಮಾತ್ರ ನಾಲ್ಕು ಪಟ್ಟು. ಪಟ್ಟಣದಲ್ಲಿ ಎರಡು ಪಟ್ಟು.

ಅದಕ್ಕಿಂತ ದೊಡ್ಡ ಸಮಸ್ಯೆ ಆ 'ಮಾರುಕಟ್ಟೆ ದರ'. ಅದು ಬರುವುದು ನೋಂದಣಿ ಪತ್ರಗಳಿಂದ ಮತ್ತು ಸರ್ಕಾರದ ಮಾರ್ಗಸೂಚಿ ದರದಿಂದ. ಮುದ್ರಾಂಕ ಶುಲ್ಕ ಉಳಿಸಲು ಜನ ಕಮ್ಮಿ ಬೆಲೆ ಬರೆಸುತ್ತಾರೆ. ಹತ್ತು ಲಕ್ಷದ ಜಮೀನಿಗೆ ಪತ್ರದಲ್ಲಿ ಎರಡು ಲಕ್ಷ ಇದ್ದರೆ, ನಾಲ್ಕು ಪಟ್ಟು ಮಾಡಿದರೂ ಎಂಟೇ ಲಕ್ಷ.

ಇನ್ನೊಂದು ಮಾತು. ಕೈಗಾರಿಕಾ ಪ್ರದೇಶಕ್ಕೆ ಅಂತ ತೆಗೆದುಕೊಳ್ಳುವುದು 1966ರ ಬೇರೆ ಕಾಯ್ದೆಯಲ್ಲಿ. ದೇವನಹಳ್ಳಿ ಹತ್ತಿರ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಹೋಗಬೇಕಿದ್ದದ್ದು ಅದರಲ್ಲೇ. ರೈತರು ಮೂರು ವರ್ಷಕ್ಕೂ ಜಾಸ್ತಿ ಕೂತು ಹೋರಾಡಿದ ಮೇಲೆ 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು.

ಲೆಕ್ಕದ_ಮೇಷ್ಟ್ರು:
2013ರ ಕಾಯ್ದೆಯಲ್ಲಿ ಹಣಕ್ಕಿಂತ ಒಳ್ಳೆಯ ಸಾಲುಗಳಿವೆ, ಅವನ್ನು ಯಾರೂ ಓದುವುದಿಲ್ಲ. ನೀರಾವರಿ ಅಥವಾ ಜಲವಿದ್ಯುತ್ ಯೋಜನೆ ಆದರೆ ಮುಳುಗಡೆಗೆ 6 ತಿಂಗಳು ಮೊದಲೇ ಪುನರ್ವಸತಿ ಮುಗಿದಿರಬೇಕು ಅಂತ 38ನೇ ಸೆಕ್ಷನ್ ಹೇಳುತ್ತದೆ. ನೀರಾವರಿ ಯೋಜನೆಗೆ ಭೂಮಿ ಕೊಟ್ಟವರಿಗೆ ಕಾಲುವೆ ನೀರು ಸಿಗುವ ಅಚ್ಚುಕಟ್ಟು ಪ್ರದೇಶದಲ್ಲಿ ಕನಿಷ್ಠ ಒಂದು ಎಕರೆ ಕೊಡುವ ಮಾತೂ ಇದೆ. ಜಮೀನು ಇಲ್ಲದ ಕೂಲಿಯವರು, ಗೇಣಿದಾರರು ಮೂರು ವರ್ಷದಿಂದ ಆ ಭೂಮಿಯನ್ನೇ ನಂಬಿದ್ದರೆ ಅವರೂ ಸಂತ್ರಸ್ತರೇ. ವಿಧವೆ, ಗಂಡ ಬಿಟ್ಟವಳು ಪ್ರತ್ಯೇಕ ಕುಟುಂಬ ಅಂತ ಲೆಕ್ಕ. ನಮ್ಮ ಶರಾವತಿಯ ಕಾಲದಲ್ಲಿ ಈ ಸಾಲುಗಳು ಇದ್ದಿದ್ದರೆ ಎಷ್ಟು ಮನೆ ಉಳಿಯುತ್ತಿತ್ತೋ.

ಕಡಲ_ಮಗಳು:
ಮೇಷ್ಟ್ರು ಹೇಳಿದ 'ಜಮೀನು ಇಲ್ಲದವರು' ನಾವೇ. ಕಾರವಾರದ ನೌಕಾನೆಲೆಗೆ ಊರು ಬಿಟ್ಟವರು. 1986ರಲ್ಲಿ ಅಡಿಗಲ್ಲು ಬಿದ್ದಾಗ ನನ್ನ ಅಮ್ಮನಿಗೆ ಹನ್ನೊಂದು ವರ್ಷ. ನಮ್ಮದು ಮೀನುಗಾರರ ಮನೆ. ಹೊಲ ಇಲ್ಲ, ಪಹಣಿ ಇಲ್ಲ. ಸಮುದ್ರಕ್ಕೆ ಪಹಣಿ ಯಾರು ಕೊಡ್ತಾರೆ?

ಮನೆ ಕಟ್ಟಲು ಜಾಗ ಸಿಕ್ಕಿತು, ದೋಣಿ ಎಳೆದು ನಿಲ್ಲಿಸಲು ಜಾಗ ಸಿಗಲಿಲ್ಲ. ಅಜ್ಜ ಬೇರೆ ಊರಿನ ಮರಳಿನಲ್ಲಿ ದೋಣಿ ಇಟ್ಟರೆ ಆ ಊರಿನವರು ಜಗಳಕ್ಕೆ ಬಂದರು. ಅವರದ್ದೂ ತಪ್ಪಲ್ಲ, ಇರುವ ಸ್ವಲ್ಪ ದಂಡೆಗೆ ಎಷ್ಟು ದೋಣಿ ಬರಬೇಕು? ಮೂರು ವರ್ಷಕ್ಕೆ ದೋಣಿ ಮಾರಿದರು. ಅಜ್ಜಿ ಮೀನು ಬುಟ್ಟಿ ಹೊತ್ತು ನಡೆಯುತ್ತಿದ್ದ ಮನೆಗಳೆಲ್ಲ ಖಾಲಿಯಾಗಿದ್ದವು, ಗಿರಾಕಿಯೂ ಹೋಯಿತು. ದೇಶಕ್ಕೆ ನೌಕಾನೆಲೆ ಬೇಕು, ನಮ್ಮ ಮನೆಯಲ್ಲಿ ಯಾರೂ ಅದನ್ನು ಬೇಡ ಅಂದಿಲ್ಲ. ಕಸುಬು ಕಳೆದುಕೊಂಡದ್ದಕ್ಕೆ ಪರಿಹಾರ ಪಟ್ಟಿಯಲ್ಲಿ ಒಂದು ಕಾಲಂ ಇರಬೇಕಿತ್ತು ಅಂತ ಮಾತ್ರ ಹೇಳ್ತೀವಿ.

ಕಬಿನಿ_ಆಚೆ:
ಎಚ್.ಡಿ. ಕೋಟೆ ಕಡೆಯ ಜೇನುಕುರುಬರನ್ನೂ ಮರೆಯಬೇಡಿ. ಕಬಿನಿ ಅಣೆಕಟ್ಟೆ, ಆಮೇಲೆ ನಾಗರಹೊಳೆ ಕಾಡು, ಎರಡೂ ಕಡೆಯಿಂದ ಎಬ್ಬಿಸಿದರು. ಹೈಕೋರ್ಟ್ ಹೇಳಿದ ಮೇಲೆ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ನಾಗರಹೊಳೆಯಿಂದ ಹೊರಗೆ ಬಿದ್ದ 3,418 ಕುಟುಂಬಗಳನ್ನು ಗುರುತಿಸಿತು. ಎಷ್ಟೋ ಜನ ಇವತ್ತಿಗೂ ಕೊಡಗಿನ ತೋಟಗಳ ಲೈನ್‌ಮನೆಗಳಲ್ಲಿ ಕೂಲಿಗಿದ್ದಾರೆ. ಅವರ ಹತ್ತಿರ ಹಳದಿ ಚೀಟಿಯೂ ಇಲ್ಲ.

ಸಿಗಂದೂರು_ದಾರಿ:
ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ಹೊಳೆಬಾಗಿಲು ಅವರೇ, ಶರಾವತಿ ಹಿನ್ನೀರಿನ ಹೊಸ ಸೇತುವೆ ಮೇಲೆ ಹೋದ್ರಾ?

ಹೊಳೆಬಾಗಿಲು:
ಹೋದೆ! 2025ರ ಜುಲೈ 14ಕ್ಕೆ ಉದ್ಘಾಟನೆ, ನಾನು ಮರುದಿನವೇ ಹೋದೆ. ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ 2.44 ಕಿ.ಮೀ. ಬೈಕಿನಲ್ಲಿ ನಾಲ್ಕು ನಿಮಿಷ ಆಗಲಿಲ್ಲ. ಮಧ್ಯದಲ್ಲಿ ನಿಲ್ಲಿಸಿ ಅತ್ತುಬಿಟ್ಟೆ. ನನ್ನ ಅತ್ತಿಗೆಗೆ ರಾತ್ರಿ ಹೆರಿಗೆ ನೋವು ಬಂದಾಗ ಹಿನ್ನೀರು ದಾಟಿಸುವ ಲಾಂಚ್ ನಿಂತಿತ್ತು. ಬೆಳಗ್ಗೆವರೆಗೆ ದಂಡೆಯಲ್ಲಿ ಜೀಪಿನಲ್ಲಿ ಕೂತಿದ್ದರು. ತಾಯಿ ಉಳಿದರು, ಮಗು ಉಳಿಯಲಿಲ್ಲ. ಅಣೆಕಟ್ಟೆ ತುಂಬಿದ ವರ್ಷ ಕೊಡಬೇಕಾಗಿದ್ದ ಸೇತುವೆ ಅದು.

ಸಿಗಂದೂರು_ದಾರಿ:
ನಾನು ದೇವಸ್ಥಾನಕ್ಕೆ ಹೋಗುವ ಖುಷಿಗೆ ಕೇಳಿದೆ. ಇಷ್ಟೆಲ್ಲ ಗೊತ್ತಿರಲಿಲ್ಲ.

ಜಯನಗರ_4ನೇ_ಬ್ಲಾಕ್:
ಬೆಳಗ್ಗೆಯಿಂದ ಎಲ್ಲ ಓದಿದೆ. ನನ್ನ ಮೊದಲ ಪ್ರತಿಕ್ರಿಯೆಯಲ್ಲಿ 'ಮುಗಿಯೋದು ಯಾವಾಗ' ಅಂತ ಕೇಳಿದ್ದೆ. ನಿಮ್ಮ ಕಡೆಯಿಂದ ನೋಡಿದರೆ ಅದು ಇನ್ನೂ ಶುರುವೇ ಆಗಿಲ್ಲ ಅಂತ ಈಗ ಅರ್ಥ ಆಯ್ತು. ಆದರೆ ಮೇಷ್ಟ್ರೇ, ಒಂದು ವಿಷಯದಲ್ಲಿ ನನ್ನ ಅನುಮಾನ ಹಾಗೇ ಇದೆ. ಭೂಮಿಗೆ ಭೂಮಿ ಅಂದರೆ ಅಷ್ಟು ಭೂಮಿ ಸರ್ಕಾರ ಎಲ್ಲಿಂದ ತರುತ್ತದೆ?

ಲೆಕ್ಕದ_ಮೇಷ್ಟ್ರು:
ಒಳ್ಳೆಯ ಪ್ರಶ್ನೆ. ಕಾಲುವೆ ನೀರು ಬಂದ ಮೇಲೆ ಅಚ್ಚುಕಟ್ಟಿನ ಭೂಮಿಗೆ ಬೆಲೆ ಏರುತ್ತದಲ್ಲ, ಆ ಬೆಲೆ ಬಂದದ್ದು ಯಾರದೋ ಹೊಲ ಮುಳುಗಿದ್ದರಿಂದ. ಲಾಭ ಆದವರ ಕಡೆಯಿಂದ ಒಂದು ಪಾಲು ಮುಳುಗಿದವರಿಗೆ ಹೋಗಬೇಕು ಅನ್ನುವುದು ನನ್ನ ವಾದ. ಕಷ್ಟ ಇದೆ, ರೈತರೇ ರೈತರ ಮೇಲೆ ಸಿಟ್ಟಾಗುತ್ತಾರೆ. ಆದರೂ ದಾರಿ ಅದೇ.

ಘಟಪ್ರಭಾ_ದಂಡೆ:
ನಾನು ಒಪ್ಪಲ್ಲ ಮೇಷ್ಟ್ರೇ. ಕೆಳಗಿನ ರೈತ ಏನು ತಪ್ಪು ಮಾಡಿದ? ಕೊಡಬೇಕಾದವರು ಸರ್ಕಾರ. ಅವನಿಂದ ಕಿತ್ತು ನನಗೆ ಕೊಟ್ಟರೆ ನನಗೆ ಆ ಹೊಲದಲ್ಲಿ ಬಿತ್ತಲು ಮನಸ್ಸು ಬರಲ್ಲ. ಸರ್ಕಾರವೇ ದುಡ್ಡು ಕೊಟ್ಟು ಖರೀದಿ ಮಾಡಿ, ನೀರು ನಿಲ್ಲಿಸುವ ಮೊದಲು ಪಹಣಿ ನಮ್ಮ ಹೆಸರಿಗೆ ಮಾಡಲಿ.

ಲೆಕ್ಕದ_ಮೇಷ್ಟ್ರು:
ನೀರು ನಿಲ್ಲಿಸುವ ಮೊದಲು ಪಹಣಿ. ಅಷ್ಟನ್ನಂತೂ ಇಬ್ಬರೂ ಒಪ್ಪಿದೆವು.

ಮಲೆನಾಡ_ವಕೀಲ:
ಶರಾವತಿ_ಮೊಮ್ಮಗ, ನಿಮ್ಮ ಪ್ರಶ್ನೆಗೆ ಬರೋಣ. ಆ ಹಳದಿ ಚೀಟಿ ಎಂಥದ್ದು? ದಿನಾಂಕ ಏನಿದೆ? ನಿಮ್ಮ ಜಾಗವನ್ನು ಪುನರ್ವಸತಿಗೆ ಬಿಟ್ಟ ಆದೇಶ 1980ಕ್ಕೆ ಮೊದಲಿನದು ಅಂತ ತೋರಿಸಲು ಸಿಗುವ ಪ್ರತಿಯೊಂದು ಕಾಗದವೂ ಮುಖ್ಯ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಹಾಳಾಗುತ್ತದೆ. ಎರಡೂ ಬದಿ ಫೋಟೋ ತೆಗೆಯಿರಿ.

ಶರಾವತಿ_ಮೊಮ್ಮಗ:
ಎರಡೂ ಬದಿಯಾ? ಹಿಂದುಗಡೆ ಏನೂ ಇಲ್ಲ ಅಂದುಕೊಂಡಿದ್ದೆ. ಮನೆಗೆ ಫೋನ್ ಮಾಡ್ತೀನಿ.

ಕಾಡುಪಾಪ:
ಕಾಯ್ತಿದ್ದೀವಿ.

ಶರಾವತಿ_ಮೊಮ್ಮಗ:
ಅಮ್ಮ ಫೋಟೋ ಕಳಿಸಿದಳು. ಮುಂದೆ ಅಜ್ಜನ ಹೆಸರು, ಹಳೇ ಊರಿನ ಹೆಸರು, 'ಜನ 6, ದನ 2' ಅಂತ ಇದೆ. ಕೆಳಗೆ ನೀಲಿ ಸೀಲು, 1961 ಅಂತ ಓದಬಹುದು. ಹಿಂದುಗಡೆ ಪೆನ್ಸಿಲಿನಲ್ಲಿ ಒಂದು ಸರ್ವೆ ನಂಬರ್, '4 ಎಕರೆ'. ಪೆನ್ಸಿಲು ಮಾಸಿದೆ, ಆದರೆ ನಂಬರ್ ಈಗಿನ ಪಹಣಿಯ ನಂಬರೇ.

ಇಷ್ಟು ವರ್ಷ ಇದನ್ನು ಯಾರೂ ತಿರುಗಿಸಿ ನೋಡಿರಲಿಲ್ಲ.

ಮಲೆನಾಡ_ವಕೀಲ:
ಪೆನ್ಸಿಲ್ ಬರಹವೊಂದೇ ಸಾಲದು, ಆದರೆ ಹುಡುಕಲು ಒಂದು ಎಳೆ ಸಿಕ್ಕಿತು. ಮಾಹಿತಿ ಹಕ್ಕಿನಲ್ಲಿ ಎರಡು ಅರ್ಜಿ ಹಾಕಿ, ಹತ್ತು ಹತ್ತು ರೂಪಾಯಿ ಶುಲ್ಕ. ಒಂದು ಕಂದಾಯದವರಿಗೆ, ಒಂದು ಅರಣ್ಯದವರಿಗೆ. ಆ ಸರ್ವೆ ನಂಬರನ್ನು ಪುನರ್ವಸತಿಗೆ ಬಿಟ್ಟ ಆದೇಶ, ಆಗಿನ ಹಂಚಿಕೆ ಪಟ್ಟಿ, ನಕಾಶೆ, ಮೂರನ್ನೂ ಕೇಳಿ. 'ಕಡತ ಲಭ್ಯವಿಲ್ಲ' ಅಂತ ಬಂದರೆ ಅದನ್ನೂ ಬರಹದಲ್ಲೇ ತೆಗೆದುಕೊಳ್ಳಿ.

ಲೆಕ್ಕದ_ಮೇಷ್ಟ್ರು:
ಒಬ್ಬರೇ ಹಾಕಬೇಡಿ. ಅದೇ ಲಾರಿಯಲ್ಲಿ, ಅದೇ ವಾರ ಬಂದ ಮನೆಗಳು ಎಷ್ಟಿವೆ ಹುಡುಕಿ. ಅವರ ಟ್ರಂಕಿನಲ್ಲೂ ಚೀಟಿ ಇರುತ್ತದೆ. ಅರ್ಜಿ ನಾನು ಬರೆದುಕೊಡ್ತೀನಿ.

ಶರಾವತಿ_ಮೊಮ್ಮಗ:
ನಮ್ಮ ಕೇರಿಯಲ್ಲೇ ಹನ್ನೊಂದು ಮನೆ ಇವೆ ಮೇಷ್ಟ್ರೇ. ಭಾನುವಾರ ಎಲ್ಲರೂ ಊರಲ್ಲಿ ಇರ್ತಾರೆ. ಟ್ರಂಕು ತೆಗೆಸ್ತೀನಿ.